ತಾಳ ತಪ್ಪಿದ ಡ್ರೈವರನ್ನು ಸರಿಪಡಿಸುವ ಬಗೆ

ಹಳೆಯ ಬೋರ್ಡಿನಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದ ಎಲ್‌ಸಿಡಿ ಪರದೆಯನ್ನು ಹೊಸ ಬೋರ್ಡಿಗೆ ಜೋಡಿಸಿದ ಕೂಡಲೇ ಅದು ಅರ್ಥವಿಲ್ಲದ ಅಕ್ಷರಗಳನ್ನು ತೋರಿಸತೊಡಗುತ್ತದೆ. ತಂತಿ ಅದೇ, ಕೋಡ್ ಅದೇ, ವೋಲ್ಟೇಜೂ ಸರಿಯಿದೆ. ಎಲ್ಲಿ ತಪ್ಪುತ್ತಿದೆ ಎಂದು ನೋಡಲು ಕೋಡಿನ ನಡುವೆ ಒಂದು ಪ್ರಿಂಟ್ ಸಾಲು ಸೇರಿಸಿದರೆ ಪರದೆ ಸರಿಹೋಗುತ್ತದೆ, ತೆಗೆದರೆ ಮತ್ತೆ ಕೆಡುತ್ತದೆ. ಡಿವೈಸ್ ಡ್ರೈವರ್ ಬರೆಯುವವರಿಗೆಲ್ಲ ಈ ಲಕ್ಷಣ ಪರಿಚಿತ. ಇದಕ್ಕೆ ಸಾಮಾನ್ಯವಾಗಿ ಸಿಗುವ ಮದ್ದೂ ಒಂದೇ: ಪ್ರಿಂಟ್ ಇದ್ದ ಜಾಗದಲ್ಲಿ ಒಂದು ಡಿಲೇ ಹಾಕು, ಸಾಲದಿದ್ದರೆ ಎರಡರಷ್ಟು ಮಾಡು, ಕೆಲಸ ಮಾಡಿದ ಮೇಲೆ ಕೈ ಹಚ್ಚಬೇಡ. ಈ ರೂಢಿ ತಪ್ಪು ಎಂಬುದು ನನ್ನ ವಾದ. ಡ್ರೈವರ್ ಕಾಯಬೇಕಾದ ಪ್ರತಿಯೊಂದು ಜಾಗದಲ್ಲೂ ಸಾಧನದೊಳಗೆ ಒಂದು ನಿರ್ದಿಷ್ಟ ಘಟನೆ ನಡೆದು ಮುಗಿಯಬೇಕಾಗಿರುತ್ತದೆ. ಆ ಘಟನೆ ಯಾವುದು ಎಂದು ಹೇಳಲಾಗದೆ ಹಾಕಿದ ಡಿಲೇ, ದೋಷವನ್ನು ಇಂದಿನ ಮೇಜಿನಿಂದ ನಾಳೆಯ ಬಳಕೆದಾರನ ಮನೆಗೆ ಸಾಗಿಸುತ್ತದೆ. ಹಾಲು ಕಾಯಿಸುವವರು ಗಡಿಯಾರ ನೋಡುತ್ತ ಕೂರುವುದಿಲ್ಲ, ಪಾತ್ರೆಯ ಅಂಚು ನೋಡುತ್ತಾರೆ; ಉರಿ ಹೆಚ್ಚಾದರೂ ಪಾತ್ರೆ ಬದಲಾದರೂ ಆ ನೋಟ ಕೈಕೊಡುವುದಿಲ್ಲ. ಡ್ರೈವರಿಗೂ ಮೊದಲು ಕಲಿಸಬೇಕಾದದ್ದು ಅದನ್ನೇ.

ಪ್ರೊಸೆಸರ್ ಸುತ್ತುವ ಖಾಲಿ ಲೂಪನ್ನು ಸಮಯವೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಗಣಕ ಚರಿತ್ರೆಯಲ್ಲಿ ಒಂದು ಸ್ಪಷ್ಟ ಪುರಾವೆಯಿದೆ. ಬೋರ್ಲೆಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್‌ನಲ್ಲಿ ಸಿಆರ್‌ಟಿ ಎಂಬ ಯೂನಿಟ್ ಇತ್ತು. ಪ್ರೋಗ್ರಾಂ ಶುರುವಾದಾಗ, ಪಿಸಿಯ ಟೈಮರ್ ಒಮ್ಮೆ ಮಿಡಿಯುವ ಸುಮಾರು 55 ಮಿಲಿಸೆಕೆಂಡಿನಲ್ಲಿ ಒಂದು ಖಾಲಿ ಲೂಪ್ ಎಷ್ಟು ಸುತ್ತು ಹಾಕುತ್ತದೆ ಎಂದು ಅದು ಎಣಿಸುತ್ತಿತ್ತು. ಆ ಸಂಖ್ಯೆಯನ್ನು 55ರಿಂದ ಭಾಗಿಸಿ, ಬಂದ ಉತ್ತರವನ್ನು 16 ಬಿಟ್‌ನಲ್ಲಿ ಹಿಡಿಸುತ್ತಿತ್ತು. 16 ಬಿಟ್‌ಗೆ ಹಿಡಿಸುವ ಗರಿಷ್ಠ ಸಂಖ್ಯೆ 65,535. ಅಂದರೆ 55 ಮಿಲಿಸೆಕೆಂಡಿನಲ್ಲಿ ಸುಮಾರು 36 ಲಕ್ಷ ಸುತ್ತು ದಾಟುವ ಪ್ರೊಸೆಸರ್ ಬರುವವರೆಗೆ ಮಾತ್ರ ಈ ಲೆಕ್ಕ ನಡೆಯುತ್ತಿತ್ತು. 1990ರ ದಶಕದ ಉತ್ತರಾರ್ಧದಲ್ಲಿ 200 ಮೆಗಾಹರ್ಟ್ಸ್ ಆಸುಪಾಸಿನ ಪೆಂಟಿಯಂ ಪ್ರೊ, ಪೆಂಟಿಯಂ 2 ಬಂದಾಗ ಉತ್ತರ ಹಿಡಿಸಲಾರದೆ ಪ್ರೋಗ್ರಾಂಗಳು ರನ್‌ಟೈಮ್ ಎರರ್ 200 ಎಂದು ಹೇಳಿ ಶುರುವಿನಲ್ಲೇ ಸತ್ತವು. ಡಿಲೇಯನ್ನು ಒಮ್ಮೆಯೂ ಕರೆಯದ ಪ್ರೋಗ್ರಾಂಗಳೂ ಸತ್ತವು, ಏಕೆಂದರೆ ಆ ಎಣಿಕೆ ಯೂನಿಟ್ ಸೇರಿಸಿದ ಮಾತ್ರಕ್ಕೇ ನಡೆಯುತ್ತಿತ್ತು. ವಿಂಡೋಸ್ 95 ಕೂಡ 350 ಮೆಗಾಹರ್ಟ್ಸ್ ಮತ್ತು ಅದಕ್ಕಿಂತ ವೇಗದ ಎಎಂಡಿ ಕೆ6-2 ಪ್ರೊಸೆಸರುಗಳಲ್ಲಿ ಇಂಥದೇ ಲೂಪ್ ಅಳತೆಯಿಂದಾಗಿ ಬೂಟ್ ಆಗುವಾಗಲೇ ನಿಂತುಬಿಡುತ್ತಿತ್ತು. ಆ ಕೋಡ್ ಬರೆದವರು ದಡ್ಡರಾಗಿರಲಿಲ್ಲ. ಅವರ ಕಾಲದ ಯಾವ ಯಂತ್ರದಲ್ಲೂ ಅದು ತಪ್ಪಿರಲಿಲ್ಲ.

ಇದು ಹಳೆಯ ಕಥೆ, ಈಗಿನ ಲಿನಕ್ಸ್ ಕರ್ನಲ್‌ನಲ್ಲಿ ಸಮಯವನ್ನು ಸರಿಯಾಗಿ ಅಳೆಯುವ ಫಂಕ್ಷನ್‌ಗಳಿವೆಯಲ್ಲ ಎಂದು ಕೇಳಬಹುದು. ಇವೆ, ಆದರೆ ಅವುಗಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಯುಡಿಲೇ, ಎಂಡಿಲೇ ಎಂಬ ಫಂಕ್ಷನ್‌ಗಳು ಕೆಲವು ಸಂದರ್ಭಗಳಲ್ಲಿ ಹೇಳಿದ್ದಕ್ಕಿಂತ ಬೇಗನೆ ಮರಳಬಹುದು ಎಂದು ಅವುಗಳ ಹೆಡರ್ ಫೈಲಿನ ಟಿಪ್ಪಣಿಯೇ ಎಚ್ಚರಿಸುತ್ತದೆ. ಬೂಟ್ ಸಮಯದ ಅಳತೆಯಲ್ಲಿ ಉಳಿದ ಅಲ್ಪ ತಪ್ಪು, ಕ್ಯಾಶ್‌ನ ವರ್ತನೆ, ಪ್ರೊಸೆಸರಿನ ಗಡಿಯಾರ ವೇಗ ಬದಲಾಗುವುದು, ಈ ಮೂರನ್ನೂ ಅದು ಕಾರಣವಾಗಿ ಕೊಡುತ್ತದೆ. ಪ್ರೊಸೆಸರಿನಲ್ಲಿ ಒಂದೇ ವೇಗದಿಂದ ನಡೆಯುವ ಹಾರ್ಡ್‌ವೇರ್ ಟೈಮರ್ ಇದ್ದು ಕರ್ನಲ್ ಅದನ್ನು ಬಳಸಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಎಲ್ಲ ಬೋರ್ಡುಗಳಲ್ಲೂ ಹಾಗಿರುತ್ತದೆ ಎಂದು ಡ್ರೈವರ್ ಭಾವಿಸುವಂತಿಲ್ಲ. ಮಲಗುವ ಫಂಕ್ಷನ್‌ಗಳ ತೊಂದರೆ ಇನ್ನೊಂದು ದಿಕ್ಕಿನದು. ಎಂಸ್ಲೀಪ್‌ಗೆ 1 ಮಿಲಿಸೆಕೆಂಡ್ ಎಂದು ಕೊಟ್ಟರೆ, ಸೆಕೆಂಡಿಗೆ 100 ಬಾರಿ ಮಿಡಿಯುವ ಕರ್ನಲ್‌ನಲ್ಲಿ ಅದು 20 ಮಿಲಿಸೆಕೆಂಡಿನವರೆಗೂ ಮಲಗಬಹುದು. ಅದೇ ಡ್ರೈವರ್ ಸೆಕೆಂಡಿಗೆ 1000 ಮಿಡಿತದ ಕರ್ನಲ್‌ಗೆ ಹೋದಾಗ 2 ಮಿಲಿಸೆಕೆಂಡಿನೊಳಗೇ ಎಚ್ಚರಗೊಂಡರೆ, ಅದುವರೆಗೆ ಅಡಗಿದ್ದ ದೋಷ ಮೇಲೆ ಬರುತ್ತದೆ. ಕೋಡಿನಲ್ಲಿ ಬರೆದ ಅಂಕಿ ಒಂದು, ನಿಜವಾಗಿ ಕಾದ ಹೊತ್ತು ಇನ್ನೊಂದು.

ಆದ್ದರಿಂದ ರಿಪೇರಿಯ ಮೊದಲ ಹೆಜ್ಜೆ ಅಳತೆ. ಇಲ್ಲಿ ಪ್ರಿಂಟ್ ಸಾಲು ನಮ್ಮನ್ನು ದಾರಿ ತಪ್ಪಿಸುತ್ತದೆ, ಹೇಗೆಂದು ಲೆಕ್ಕ ಹಾಕಿ ನೋಡಬಹುದು. 115,200 ಬಾಡ್ ವೇಗದ ಸೀರಿಯಲ್ ಕನ್ಸೋಲ್‌ನಲ್ಲಿ ಒಂದು ಅಕ್ಷರ ಹೋಗಲು, ಆರಂಭದ ಮತ್ತು ಕೊನೆಯ ಬಿಟ್ ಸೇರಿ 10 ಬಿಟ್‌ನ ಹೊತ್ತು ಬೇಕು, ಅಂದರೆ ಸುಮಾರು 87 ಮೈಕ್ರೋಸೆಕೆಂಡ್. 80 ಅಕ್ಷರದ ಒಂದು ಸಾಲು ಸುಮಾರು 7 ಮಿಲಿಸೆಕೆಂಡ್ ತಿನ್ನುತ್ತದೆ. ಸಾಧನಕ್ಕೆ ಬೇಕಾದದ್ದು 40 ಮೈಕ್ರೋಸೆಕೆಂಡ್ ಆಗಿದ್ದಾಗ ನಾವು ಅದರ ನೂರಕ್ಕೂ ಹೆಚ್ಚು ಪಟ್ಟು ಹೊತ್ತನ್ನು ಸುಮ್ಮನೆ ಸುರಿದಂತಾಯಿತು. ದೋಷ ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಪ್ರಿಂಟ್ ಬದಲು ಕರ್ನಲ್‌ನ ಎಫ್‌ಟ್ರೇಸ್ ಬಳಸಿದರೆ ದಾಖಲೆ ನೆನಪಿನ ಬಫರ್‌ಗೆ ಹೋಗುತ್ತದೆ, ಪ್ರತಿ ಘಟನೆಗೂ ಸಮಯದ ಗುರುತು ಸಿಗುತ್ತದೆ, ಓಟಕ್ಕೆ ತಗಲುವ ಅಡ್ಡಿ ತೀರ ಕಡಿಮೆ. ಇನ್ನೂ ಸರಳ ಉಪಾಯವೆಂದರೆ, ಬಳಕೆಯಾಗದ ಒಂದು ಜಿಪಿಐಒ ಪಿನ್ನನ್ನು ಅನುಮಾನವಿರುವ ಭಾಗದ ಮೊದಲಿಗೆ ಮೇಲೇರಿಸಿ ಕೊನೆಗೆ ಕೆಳಗಿಳಿಸುವುದು. ಅದನ್ನೂ ಸಾಧನದ ಸಂಕೇತ ತಂತಿಗಳನ್ನೂ ಒಟ್ಟಿಗೆ ಲಾಜಿಕ್ ಅನಲೈಸರ್‌ಗೆ ಕೊಟ್ಟರೆ ಸಾಫ್ಟ್‌ವೇರ್ ಏನೆಂದುಕೊಂಡಿದೆ, ತಂತಿಯಲ್ಲಿ ಏನು ನಡೆದಿದೆ ಎಂಬ ಎರಡೂ ಒಂದೇ ಚಿತ್ರದಲ್ಲಿ ಕಾಣುತ್ತವೆ. ಸೆಕೆಂಡಿಗೆ 2.4 ಕೋಟಿ ಬಾರಿ ನೋಡುವ ಎಂಟು ತಂತಿಯ ಅಗ್ಗದ ಅನಲೈಸರ್ ಕೂಡ ಸುಮಾರು 42 ನ್ಯಾನೋಸೆಕೆಂಡಿನ ಅಂತರವನ್ನು ಬೇರ್ಪಡಿಸುತ್ತದೆ. ವಿದ್ಯಾರ್ಥಿಗಳ ಕೈಗೂ ಎಟಕುವ ಈ ಉಪಕರಣ ಇಲ್ಲದೆ ಕತ್ತಲಲ್ಲಿ ಡಿಲೇ ಹೊಂದಿಸುತ್ತ ಕೂರುವುದು ಸಮಯದ ಅಪವ್ಯಯ.

ಅಳತೆಯ ಜೊತೆಗೆ ಇದು ಟೈಮಿಂಗ್ ದೋಷವೇ ಎಂದು ಖಚಿತ ಮಾಡಿಕೊಳ್ಳಬೇಕು, ಏಕೆಂದರೆ ಸಡಿಲ ತಂತಿಯೂ ದುರ್ಬಲ ಪುಲ್ ಅಪ್ ರೆಸಿಸ್ಟರೂ ಇದೇ ವೇಷದಲ್ಲಿ ಬರುತ್ತವೆ. ಪ್ರೊಸೆಸರಿನ ವೇಗವನ್ನು ಕನಿಷ್ಠಕ್ಕೆ ಕಟ್ಟಿ ನೋಡಿ, ಆಮೇಲೆ ಗರಿಷ್ಠಕ್ಕೆ ಕಟ್ಟಿ ನೋಡಿ. ಯಂತ್ರ ಬಿಡುವಾಗಿದ್ದಾಗ ಒಮ್ಮೆ, ಎಲ್ಲ ಕೋರ್‌ಗಳ ಮೇಲೂ ಭಾರ ಹೇರಿ ಇನ್ನೊಮ್ಮೆ ನೋಡಿ. ವೇಗ ಹೆಚ್ಚಿದಾಗ ಮಾತ್ರ ಕೆಟ್ಟರೆ ಸಾಧನಕ್ಕೆ ಕೊಟ್ಟ ಹೊತ್ತು ಸಾಲುತ್ತಿಲ್ಲ ಎಂದರ್ಥ. ಭಾರ ಹೆಚ್ಚಿದಾಗ ಮಾತ್ರ ಕೆಟ್ಟರೆ ಡ್ರೈವರ್ ಎಲ್ಲೋ ತಡವಾಗಿ ಬರುತ್ತಿದೆ, ಇಲ್ಲವೇ ಎರಡು ದಾರಿಗಳು ಒಂದೇ ದತ್ತಾಂಶಕ್ಕೆ ಕೈ ಹಾಕುತ್ತಿವೆ. ಎರಡರಲ್ಲೂ ಏನೂ ಬದಲಾಗದಿದ್ದರೆ ತಂತಿಯ ಕಡೆಗೆ, ಪವರ್ ಸಪ್ಲೈ ಕಡೆಗೆ ಹೋಗಿ. ಡಿಲೇಗೆ ನ್ಯಾಯವಾದ ಒಂದು ಬಳಕೆ ಇರುವುದು ಈ ಹಂತದಲ್ಲೇ: ಅನುಮಾನವಿರುವ ಎರಡು ಸಾಲುಗಳ ನಡುವೆ ಬೇಕೆಂದೇ ದೊಡ್ಡ ಡಿಲೇ ಸೇರಿಸಿದರೆ, ಸಾವಿರಕ್ಕೊಮ್ಮೆ ಕಾಣುತ್ತಿದ್ದ ದೋಷ ಪ್ರತಿ ಸಲವೂ ಕಾಣತೊಡಗುತ್ತದೆ. ಬೇಕೆಂದಾಗ ಬರಿಸಲಾಗದ ದೋಷವನ್ನು ಸರಿಪಡಿಸಿದ್ದೇವೆ ಎಂದು ಹೇಳಿಕೊಳ್ಳಲು ಯಾರಿಗೂ ಆಧಾರವಿರುವುದಿಲ್ಲ.

ಇನ್ನು ಡೇಟಾಶೀಟ್. ಆರಂಭದಲ್ಲಿ ಹೇಳಿದ ಪರದೆಯನ್ನೇ ತೆಗೆದುಕೊಳ್ಳೋಣ. ಎರಡು ಸಾಲು, ಹದಿನಾರು ಅಕ್ಷರದ ಆ ಪರದೆಗಳ ಭಾಷೆ ಹಿಟಾಚಿಯ ಎಚ್‌ಡಿ44780 ಚಿಪ್ಪಿನದು. ಹೆಚ್ಚಿನ ಆಜ್ಞೆಗಳಿಗೆ 37 ಮೈಕ್ರೋಸೆಕೆಂಡ್, ಕರ್ಸರನ್ನು ಮೊದಲಿಗೆ ತರುವ ಆಜ್ಞೆಗೆ 1.52 ಮಿಲಿಸೆಕೆಂಡ್ ಎಂದು ಅದರ ಕೋಷ್ಟಕ ಹೇಳುತ್ತದೆ. ಪರದೆ ಅಳಿಸುವುದಕ್ಕೂ ಅಷ್ಟೇ ಹಿಡಿಯುತ್ತದೆ. ಬಹಳ ಮಂದಿ 37ನ್ನು ನೋಡಿ 40 ಬರೆದು ಮುಂದೆ ಹೋಗುತ್ತಾರೆ. ಆದರೆ ಆ 37, ಚಿಪ್ಪಿನೊಳಗಿನ ಗಡಿಯಾರ 270 ಕಿಲೋಹರ್ಟ್ಸ್‌ನಲ್ಲಿ ನಡೆದಾಗಿನ ಮಾತು. ಇನ್ನೊಂದು ಪುಟದಲ್ಲಿ, 5 ವೋಲ್ಟಿನಲ್ಲಿ ಆ ಗಡಿಯಾರ 190ರಿಂದ 350 ಕಿಲೋಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದಿದೆ. 190ರಲ್ಲಿ ನಡೆಯುವ ಚಿಪ್ಪಿಗೆ ಅದೇ ಆಜ್ಞೆ ಮುಗಿಸಲು 37ನ್ನು 270ರಿಂದ ಗುಣಿಸಿ 190ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 53 ಮೈಕ್ರೋಸೆಕೆಂಡ್ ಬೇಕು. ಪರದೆ ಅಳಿಸಲು ಸುಮಾರು 2.2 ಮಿಲಿಸೆಕೆಂಡ್. 40 ಎಂದು ಬರೆದ ಡ್ರೈವರ್ ಒಂದು ಪೆಟ್ಟಿಗೆಯ ಪರದೆಗಳಲ್ಲಿ ನಡೆದು ಮುಂದಿನ ಪೆಟ್ಟಿಗೆಯ ಕೆಲವು ಪರದೆಗಳಲ್ಲಿ ಕೈಕೊಡುವುದು ಈ ಕಾರಣಕ್ಕೆ. ಡೇಟಾಶೀಟಿನ ಟಿಪಿಕಲ್ ಎಂಬ ಕಾಲಂ ಕೊಳ್ಳುವವರಿಗಾಗಿ, ಕನಿಷ್ಠ ಗರಿಷ್ಠಗಳ ಕಾಲಂ ಡ್ರೈವರ್ ಬರೆಯುವವರಿಗಾಗಿ ಎಂದು ತಿಳಿದುಕೊಂಡರೆ ಒಳ್ಳೆಯದು.

ಹಳೆಯ ಬೋರ್ಡಿನಲ್ಲಿ ಈ ತಪ್ಪು ಏಕೆ ಕಾಣಲಿಲ್ಲ ಎಂಬುದೂ ಈಗ ಸ್ಪಷ್ಟ. ಆಜ್ಞೆಯನ್ನು ಒಳಗೆ ತಳ್ಳುವ ಎನೇಬಲ್ ಪಿನ್ 5 ವೋಲ್ಟಿನಲ್ಲಿ ಕನಿಷ್ಠ 230 ನ್ಯಾನೋಸೆಕೆಂಡ್, 3 ವೋಲ್ಟಿನ ಆಸುಪಾಸಿನಲ್ಲಿ 450 ನ್ಯಾನೋಸೆಕೆಂಡ್ ಮೇಲಿರಬೇಕು. 16 ಮೆಗಾಹರ್ಟ್ಸ್‌ನ ಪುಟ್ಟ ಮೈಕ್ರೋಕಂಟ್ರೋಲರಿಗೆ ಒಂದು ಸೈಕಲ್ ಎಂದರೆ 62.5 ನ್ಯಾನೋಸೆಕೆಂಡ್, ಪಿನ್ ಏರಿಸಿ ಇಳಿಸುವ ಲೈಬ್ರರಿ ಫಂಕ್ಷನ್ ಕರೆಯುವಷ್ಟರಲ್ಲಿ ಸಾಕಷ್ಟು ಹೊತ್ತು ತಾನಾಗಿ ಕಳೆಯುತ್ತಿತ್ತು. ಆ ನಿಧಾನವೇ ಡ್ರೈವರಿನ ಪರವಾಗಿ ಕಾಯುತ್ತಿತ್ತು. ಗಿಗಾಹರ್ಟ್ಸ್ ವೇಗದ ಪ್ರೊಸೆಸರಿನಲ್ಲಿ ಆ ಉಪಕಾರ ಇಲ್ಲ. ಇನ್ನೊಂದು ಸಂಗತಿಯೂ ಇದೆ. ನಾಲ್ಕು ತಂತಿಯ ಜೋಡಣೆಯಲ್ಲಿ ಒಂದು ಬೈಟ್ ಎರಡು ಅರ್ಧಗಳಾಗಿ ಹೋಗುತ್ತದೆ. ಒಂದೇ ಒಂದು ಅರ್ಧ ಕಳೆದುಹೋದರೂ ಮುಂದಿನ ಎಲ್ಲ ಅರ್ಧಗಳೂ ತಪ್ಪು ಜೊತೆ ಕೂಡಿಕೊಂಡು, ಪರದೆ ಕೊನೆಯವರೆಗೂ ಕಸ ತೋರಿಸುತ್ತದೆ. ತಾಳ ತಪ್ಪಿದ್ದು ಒಂದೇ ಕ್ಷಣ, ಕೆಟ್ಟದ್ದು ಇಡೀ ಓಟ. ಚಿಪ್ಪನ್ನು ಎಬ್ಬಿಸುವಾಗ ಒಂದೇ ಆಜ್ಞೆಯನ್ನು ಮೂರು ಸಲ ಕೊಡಬೇಕು, ಮೊದಲನೆಯದರ ನಂತರ 4.1 ಮಿಲಿಸೆಕೆಂಡಿಗೂ ಎರಡನೆಯದರ ನಂತರ 100 ಮೈಕ್ರೋಸೆಕೆಂಡಿಗೂ ಹೆಚ್ಚು ಕಾಯಬೇಕು ಎಂದು ಡೇಟಾಶೀಟ್ ಒತ್ತಿ ಹೇಳುವುದು ಇದಕ್ಕೇ: ಚಿಪ್ ಯಾವ ಸ್ಥಿತಿಯಲ್ಲೇ ಇದ್ದರೂ ಅದನ್ನು ಗೊತ್ತಿರುವ ಒಂದು ಸ್ಥಿತಿಗೆ ತರಬೇಕು. ಶುರುವಿನ ಈ ಹೆಜ್ಜೆಗಳನ್ನು ಹೆಚ್ಚಿನವೆಂದು ಭಾವಿಸಿ ಕತ್ತರಿಸುವ ಕೋಡನ್ನು ನಂಬಬೇಡಿ.

ಇಷ್ಟೆಲ್ಲ ಅಂಕಿಗಳ ತಲೆನೋವು ತಪ್ಪಿಸುವ ದಾರಿಯನ್ನು ಚಿಪ್ ಮಾಡಿದವರೇ ಕೊಟ್ಟಿದ್ದಾರೆ. ಎಚ್‌ಡಿ44780ಯಲ್ಲಿ ಬ್ಯುಸಿ ಫ್ಲ್ಯಾಗ್ ಎಂಬ ಒಂದು ಬಿಟ್ ಇದೆ. ಕೆಲಸ ನಡೆಯುವಷ್ಟು ಹೊತ್ತು ಅದು 1, ಮುಗಿದಾಗ 0. ಅದನ್ನು ಓದುತ್ತ ಕಾಯುವ ಡ್ರೈವರಿಗೆ ಚಿಪ್ಪಿನ ಗಡಿಯಾರ 190ರಲ್ಲಿದೆಯೋ 350ರಲ್ಲಿದೆಯೋ ತಿಳಿಯಬೇಕಾಗಿಯೇ ಇಲ್ಲ. ತಾಪಮಾನ ಅಳೆಯುವ ಡಿಎಸ್18ಬಿ20 ಸೆನ್ಸರಿನಲ್ಲೂ ಇಂಥದೇ ಸೌಲಭ್ಯವಿದೆ. 12 ಬಿಟ್ ನಿಖರತೆಯಲ್ಲಿ ಒಂದು ಅಳತೆಗೆ ಅದು ಗರಿಷ್ಠ 750 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದಕ್ಕೆ ಪ್ರತ್ಯೇಕ ವಿದ್ಯುತ್ ತಂತಿ ಕೊಟ್ಟಿದ್ದರೆ, ಈ ನಡುವೆ ಕೇಳಿದಾಗಲೆಲ್ಲ ಕೆಲಸ ಮುಗಿಯುವವರೆಗೆ 0 ಎಂದೂ ಮುಗಿದ ಮೇಲೆ 1 ಎಂದೂ ಉತ್ತರಿಸುತ್ತದೆ. ಕಾಯದೆ ಓದಿದವರಿಗೆ ಸಿಗುವ ಫಲ ಪ್ರಸಿದ್ಧವಾದದ್ದು: 85 ಡಿಗ್ರಿ. ವಿದ್ಯುತ್ ಬಂದಾಗ ಆ ರಿಜಿಸ್ಟರಿನಲ್ಲಿ ಇರುವ ಮೂಲ ಬೆಲೆಯೇ ಅದು. ಕೋಣೆಯ ತಾಪ 85 ಎಂದು ತೋರಿದಾಗ ಯಾರಿಗಾದರೂ ಅನುಮಾನ ಬರುತ್ತದೆ. ಎರಡನೆಯ ಅಳತೆಯಿಂದ ಮುಂದೆ ಅವಸರದಲ್ಲಿ ಓದಿದರೆ ಸಿಗುವುದು ಹಿಂದಿನ ಅಳತೆಯ ಬೆಲೆ. ಅದು ನಂಬುವಂತೆಯೇ ಇರುತ್ತದೆ, ಚೆಕ್‌ಸಮ್ ಕೂಡ ಸರಿಯಿರುತ್ತದೆ, ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗೋ ಲಸಿಕೆ ಇಡುವ ಫ್ರಿಜ್ಜಿಗೋ ಇಂಥ ಸೆನ್ಸರ್ ಜೋಡಿಸುವವರು ಈ ಎರಡನೆಯ ಬಗೆಯ ತಪ್ಪಿಗೇ ಹೆಚ್ಚು ಹೆದರಬೇಕು.

ಘಟನೆಗಾಗಿ ಕಾಯುವ ಕೋಡಿನಲ್ಲೂ ಎರಡು ಹಳ್ಳಗಳಿವೆ. ಮೊದಲನೆಯದು ಮಿತಿಯಿಲ್ಲದ ಕಾಯುವಿಕೆ. ತಂತಿ ಕಿತ್ತುಬಂದರೆ ಬ್ಯುಸಿ ಫ್ಲ್ಯಾಗ್ ಎಂದೆಂದಿಗೂ 1 ಎಂದೇ ಕಾಣಬಹುದು, ಆಗ ಇಡೀ ವ್ಯವಸ್ಥೆ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಟೈಮ್‌ಔಟ್ ಇರಲೇಬೇಕು, ಅದು ಡೇಟಾಶೀಟಿನ ಗರಿಷ್ಠಕ್ಕಿಂತ ಧಾರಾಳವಾಗಿ ದೊಡ್ಡದಿರಬೇಕು, ಮೀರಿದಾಗ ಡ್ರೈವರ್ ಸ್ಪಷ್ಟವಾದ ಎರರ್ ಮರಳಿಸಬೇಕು. ಎರಡನೆಯದು ಸೂಕ್ಷ್ಮವಾದದ್ದು. ಲೂಪ್ ಮೊದಲು ಫ್ಲ್ಯಾಗ್ ನೋಡುತ್ತದೆ, ಇನ್ನೂ ಆಗಿಲ್ಲ. ಆಮೇಲೆ ಗಡಿಯಾರ ನೋಡುತ್ತದೆ. ಈ ಎರಡರ ನಡುವೆ ಕರ್ನಲ್ ಬೇರೊಂದು ಕೆಲಸಕ್ಕೆ ಪ್ರೊಸೆಸರನ್ನು ಕೊಟ್ಟು 50 ಮಿಲಿಸೆಕೆಂಡ್ ಬಿಟ್ಟು ಮರಳಿತು ಎನ್ನಿ. ಅಷ್ಟರಲ್ಲಿ ಸಾಧನ ಯಾವಾಗಲೋ ಕೆಲಸ ಮುಗಿಸಿದೆ. ಲೂಪ್ ಮಾತ್ರ ಅವಧಿ ಮೀರಿತು ಎಂದು ಘೋಷಿಸುತ್ತದೆ. ಭಾರವಿದ್ದಾಗ ಮಾತ್ರ ಬರುವ ವಿವರಿಸಲಾಗದ ಟೈಮ್‌ಔಟ್‌ಗಳಿಗೆ ಇದು ಬಹಳ ಸಾಮಾನ್ಯ ಕಾರಣ. ಅವಧಿ ಮೀರಿದ ಮೇಲೆ ಫ್ಲ್ಯಾಗನ್ನು ಕೊನೆಯದಾಗಿ ಇನ್ನೊಮ್ಮೆ ನೋಡುವುದೇ ಇದರ ಪರಿಹಾರ. ಲಿನಕ್ಸ್‌ನಲ್ಲಿ ಸಿದ್ಧವಾಗಿರುವ ರೀಡ್‌ಎಲ್ ಪೋಲ್ ಟೈಮ್‌ಔಟ್ ಎಂಬ ಮ್ಯಾಕ್ರೋ ಅದನ್ನು ತಾನೇ ಮಾಡುತ್ತದೆ. ಸ್ವಂತ ಲೂಪ್ ಬರೆಯುವ ಬದಲು ಅದನ್ನೇ ಬಳಸುವುದು ಜಾಣತನ.

ಬ್ಯುಸಿ ಫ್ಲ್ಯಾಗ್ ಓದಲು ಪಿನ್ನೇ ಇಲ್ಲದಿದ್ದರೆ? ಈ ಆಕ್ಷೇಪಣೆ ನ್ಯಾಯವಾದದ್ದೇ. ಒಂದು ಪಿನ್ ಉಳಿಸಲೆಂದು ಎಷ್ಟೋ ಬೋರ್ಡುಗಳಲ್ಲಿ ಪರದೆಯ ಓದು ಬರೆ ಆಯ್ಕೆಯ ಪಿನ್ನನ್ನು ನೇರ ಗ್ರೌಂಡಿಗೆ ಕಟ್ಟಿರುತ್ತಾರೆ, ಆಗ ಬರೆಯಬಹುದೇ ಹೊರತು ಓದಲಾಗದು. ಶುರುವಿನ ಹೆಜ್ಜೆಗಳಲ್ಲಂತೂ ಬ್ಯುಸಿ ಫ್ಲ್ಯಾಗ್ ಓದಲಾಗದೆಂದು ಡೇಟಾಶೀಟೇ ಹೇಳುತ್ತದೆ. ಇಂಥ ಕಡೆ ಡಿಲೇ ಅನಿವಾರ್ಯ, ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಡಿಲೇಗೂ ಅಂದಾಜಿನ ಡಿಲೇಗೂ ಅಂತರವಿದೆ. ಇದು ಯಾವ ಘಟನೆಗಾಗಿ ಕಾಯುತ್ತಿದೆ ಎಂಬುದು ಗೊತ್ತು, ಅಂಕಿ ಎಲ್ಲಿಂದ ಬಂತು ಎಂಬುದು ಗೊತ್ತು, ಅದು ಅತ್ಯಂತ ನಿಧಾನದ ಚಿಪ್ಪಿಗೂ ಸಾಕು ಎಂಬುದನ್ನು ಲೆಕ್ಕ ಹಾಕಿ ತೋರಿಸಬಹುದು. ಅಂಕಿ ಗೊತ್ತಾದ ಮೇಲೆ ಫಂಕ್ಷನ್ ಆಯ್ಕೆ ಕಷ್ಟವಲ್ಲ. ಸುಮಾರು 10 ಮೈಕ್ರೋಸೆಕೆಂಡಿನೊಳಗಿನ ಕಾಯುವಿಕೆಗೆ ಯುಡಿಲೇ, ಅಲ್ಲಿಂದ 20 ಮಿಲಿಸೆಕೆಂಡಿನವರೆಗೆ ಯುಸ್ಲೀಪ್ ರೇಂಜ್, ಅದಕ್ಕೂ ಹೆಚ್ಚಿನದಕ್ಕೆ ಎಂಸ್ಲೀಪ್ ಎಂಬುದು ಲಿನಕ್ಸ್ ದಾಖಲೆಗಳು ಬಹುಕಾಲದಿಂದ ಕೊಡುತ್ತ ಬಂದ ಸಲಹೆ. ಯುಸ್ಲೀಪ್ ರೇಂಜ್‌ಗೆ ಕನಿಷ್ಠ, ಗರಿಷ್ಠ ಎರಡನ್ನೂ ಕೊಡಬೇಕು; ಎರಡರ ನಡುವೆ ಜಾಗ ಬಿಟ್ಟಷ್ಟೂ ಕರ್ನಲ್ ಹಲವರನ್ನು ಒಂದೇ ಬಾರಿ ಎಬ್ಬಿಸಿ ವಿದ್ಯುತ್ ಉಳಿಸುತ್ತದೆ. ಆಯ್ಕೆಯನ್ನು ಕರ್ನಲ್‌ಗೇ ಬಿಡುವುದಾದರೆ ಎಫ್‌ಸ್ಲೀಪ್ ಇದೆ. ಇಂಟರಪ್ಟ್ ಹ್ಯಾಂಡ್ಲರಿನೊಳಗೆ ಅಥವಾ ಸ್ಪಿನ್‌ಲಾಕ್ ಹಿಡಿದಿರುವಾಗ ಮಲಗುವ ಯಾವ ಫಂಕ್ಷನ್ನನ್ನೂ ಕರೆಯುವಂತಿಲ್ಲ. ಅಲ್ಲಿ ಹೆಚ್ಚು ಹೊತ್ತು ಕಾಯಬೇಕಾಗಿ ಬಂದರೆ ಆ ಕೆಲಸವನ್ನು ಥ್ರೆಡೆಡ್ ಇಂಟರಪ್ಟ್ ಅಥವಾ ವರ್ಕ್‌ಕ್ಯೂಗೆ ಸರಿಸಬೇಕು.

ಡಿಲೇ ಎಷ್ಟೇ ದೊಡ್ಡದಿದ್ದರೂ ಪ್ರಯೋಜನಕ್ಕೆ ಬಾರದ ಸಂದರ್ಭಗಳೂ ಇವೆ, ನನ್ನ ವಾದಕ್ಕೆ ಅತ್ಯಂತ ಬಲವಾದ ಸಾಕ್ಷಿ ಅವೇ. ಪಿಸಿಐ ಕಾರ್ಡೊಂದನ್ನು ರೀಸೆಟ್ ಮಾಡಲು ಅದರ ರಿಜಿಸ್ಟರಿಗೆ 1 ಬರೆದು, 10 ಮೈಕ್ರೋಸೆಕೆಂಡ್ ಕಾದು, 0 ಬರೆಯುವ ಕೋಡ್ ಇದೆ ಎಂದುಕೊಳ್ಳಿ. ನೋಡಲು ನಿರ್ದೋಷ. ಆದರೆ ಪಿಸಿಐ ದಾರಿಯಲ್ಲಿ ಬರೆದ ಮಾತು ಕೂಡಲೇ ಕಾರ್ಡಿಗೆ ಮುಟ್ಟಬೇಕೆಂದಿಲ್ಲ. ನಡುವಿನ ಬ್ರಿಡ್ಜ್ ಅದನ್ನು ತನ್ನಲ್ಲಿ ಇಟ್ಟುಕೊಂಡು ಪ್ರೊಸೆಸರಿಗೆ ಆಯಿತು ಎಂದು ಹೇಳಬಹುದು. ಪ್ರೊಸೆಸರ್ 10 ಮೈಕ್ರೋಸೆಕೆಂಡ್ ಕಾಯುತ್ತದೆ, ಎರಡನೆಯ ಬರಹವನ್ನೂ ಕಳಿಸುತ್ತದೆ, ಬ್ರಿಡ್ಜ್ ಎರಡನ್ನೂ ಬೆನ್ನುಬೆನ್ನಿಗೆ ಕಾರ್ಡಿಗೆ ಒಪ್ಪಿಸುತ್ತದೆ. ಕಾರ್ಡಿನ ದೃಷ್ಟಿಯಲ್ಲಿ ನಡುವೆ ಅಂತರವೇ ಇರಲಿಲ್ಲ. ಡಿಲೇಯನ್ನು 10ರಿಂದ 100ಕ್ಕೆ ಏರಿಸಿದರೂ ಖಾತ್ರಿ ಸಿಗುವುದಿಲ್ಲ. ಮೊದಲ ಬರಹದ ನಂತರ ಅದೇ ಕಾರ್ಡಿನಿಂದ ಒಂದು ರಿಜಿಸ್ಟರನ್ನು ಓದಬೇಕು: ಓದಿಗೆ ಉತ್ತರ ಬರಬೇಕಾದರೆ ಅದರ ಮುಂದಿದ್ದ ಬರಹ ಮುಟ್ಟಿರಲೇಬೇಕು. ಓದಿದ ಮೇಲೆ ಕಾದ 10 ಮೈಕ್ರೋಸೆಕೆಂಡ್ ಮಾತ್ರ ನಿಜವಾದ 10 ಮೈಕ್ರೋಸೆಕೆಂಡ್. ಸಾಧನಕ್ಕಾಗಿ ಮೆಮೊರಿಯಲ್ಲಿ ಕೆಲಸದ ವಿವರ ಬರೆದು ಆಮೇಲೆ ಗಂಟೆ ಬಾರಿಸುವ ಡ್ರೈವರ್‌ಗಳಲ್ಲೂ ಹೀಗೆಯೇ. ಅಲ್ಲಿ ಬೇಕಾದದ್ದು ಮೆಮೊರಿ ಬ್ಯಾರಿಯರ್, ಅಂದರೆ ಕ್ರಮದ ಖಾತ್ರಿ.

ಅದೇ ಜಾತಿಯ ಇನ್ನೊಂದು ತಪ್ಪು ಇಂಟರಪ್ಟ್ ಬಳಸುವ ಡ್ರೈವರ್‌ಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಮೊದಲು ಸಾಧನಕ್ಕೆ ಕೆಲಸ ಶುರುಮಾಡು ಎಂದು ಹೇಳಿ, ಆಮೇಲೆ ಕಾಯುವ ಗುರುತನ್ನು ಸೊನ್ನೆಗೆ ತಂದರೆ, ವೇಗದ ಸಾಧನ ಆ ಎರಡು ಸಾಲುಗಳ ನಡುವೆಯೇ ಕೆಲಸ ಮುಗಿಸಿ ಇಂಟರಪ್ಟ್ ಕೊಟ್ಟುಬಿಡುತ್ತದೆ. ಅದು ಕೊಟ್ಟ ಸುದ್ದಿಯನ್ನು ನಾವೇ ಅಳಿಸಿಹಾಕಿ, ಬಾರದ ಸುದ್ದಿಗಾಗಿ ಕಾಯುತ್ತ ಕೂರುತ್ತೇವೆ. ಸಾಲುಗಳ ಕ್ರಮ ತಿರುಗಿಸಿದರೆ ಮುಗಿಯಿತು. ಸಾಧನದ ಸ್ಟೇಟಸ್ ಬಿಟ್ಟನ್ನು ಕೆಲಸ ಮಾಡಿದ ನಂತರ ಅಳಿಸುವುದೂ ಇಂಥದೇ. ನಡುವೆ ಬಂದ ಹೊಸ ಘಟನೆ ಹಳೆಯದರ ಜೊತೆ ಅಳಿಸಿಹೋಗುತ್ತದೆ. ಮೊದಲು ಅಳಿಸಿ, ಆಮೇಲೆ ಕೆಲಸ ಮಾಡಿದರೆ ಹೆಚ್ಚೆಂದರೆ ಒಮ್ಮೆ ಸುಮ್ಮನೆ ಎಚ್ಚರವಾಗಬಹುದು, ಏನೂ ಕಳೆದುಹೋಗುವುದಿಲ್ಲ.

ಕೆಲಸ ಮಾಡುತ್ತಿರುವುದನ್ನು ಏಕೆ ಕೆದಕಬೇಕು, ನಾಲ್ಕು ಮಿಲಿಸೆಕೆಂಡ್ ಹೆಚ್ಚು ಕಾದರೆ ಏನು ನಷ್ಟ ಎಂಬುದು ಕೊನೆಯವರೆಗೂ ಉಳಿಯುವ ಪ್ರಶ್ನೆ. ಗಡುವಿನ ಒತ್ತಡದಲ್ಲಿರುವವರು ಇದನ್ನು ಕೇಳುವುದು ಸಹಜ, ಒಂದು ರಾತ್ರಿಯ ಮಟ್ಟಿಗೆ ಡಿಲೇ ಹಾಕಿ ಪ್ರದರ್ಶನ ಮುಗಿಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಅದನ್ನೇ ಉತ್ಪನ್ನದಲ್ಲಿ ಬಿಟ್ಟರೆ ನಷ್ಟ ಹಲವು ದಾರಿಗಳಲ್ಲಿ ಬರುತ್ತದೆ. ಪ್ರತಿ ಡ್ರೈವರಿನ ನಾಲ್ಕು ಮಿಲಿಸೆಕೆಂಡ್ ಸೇರಿ ಬೂಟ್ ಸಮಯ ಉದ್ದವಾಗುತ್ತದೆ. ಇಂಟರಪ್ಟ್ ಮುಚ್ಚಿ ಯುಡಿಲೇ ಮಾಡುವ ಡ್ರೈವರ್ ತನಗೆ ಸಂಬಂಧವೇ ಇಲ್ಲದ ಬೇರೆ ಸಾಧನದ ಗಡುವನ್ನು ತಪ್ಪಿಸುತ್ತದೆ. ರಿಯಲ್ ಟೈಮ್ ಬೆಂಬಲ 2024ರಲ್ಲಿ ಲಿನಕ್ಸ್ 6.12ರ ಮೂಲಕ ಮುಖ್ಯ ಕರ್ನಲ್‌ಗೇ ಸೇರಿದ ಮೇಲೆ ಇಂಥ ಡ್ರೈವರ್‌ಗಳ ದೋಷ ಇನ್ನಷ್ಟು ಬೇಗ ಬಯಲಾಗುತ್ತದೆ. 1997ರ ಜುಲೈ 4ರಂದು ಮಂಗಳದ ಮೇಲಿಳಿದ ನಾಸಾದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ತಾನಾಗಿ ರೀಸೆಟ್ ಆಗತೊಡಗಿದ್ದನ್ನು ಇಲ್ಲಿ ನೆನೆಯಬೇಕು. ಕಡಿಮೆ ಆದ್ಯತೆಯ ಹವಾಮಾನ ಟಾಸ್ಕ್ ಒಂದು ಲಾಕ್ ಹಿಡಿದಿತ್ತು, ಹೆಚ್ಚಿನ ಆದ್ಯತೆಯ ಬಸ್ ನಿರ್ವಹಣೆಯ ಟಾಸ್ಕ್ ಅದಕ್ಕಾಗಿ ಕಾಯುತ್ತಿತ್ತು, ನಡುವಿನ ಆದ್ಯತೆಯ ಟಾಸ್ಕ್‌ಗಳು ಬಂದು ಲಾಕ್ ಹಿಡಿದವನನ್ನೇ ತಡೆಯುತ್ತಿದ್ದವು. ಎಂಜಿನಿಯರುಗಳು ಭೂಮಿಯ ಮೇಲಿನ ಪ್ರತಿರೂಪದಲ್ಲಿ ಟ್ರೇಸ್ ಹಾಕಿಕೊಂಡು ಅದೇ ದೋಷವನ್ನು ಬರಿಸಿದರು, ಕಾರಣ ಕಂಡರು, ಆ ಲಾಕ್‌ಗೆ ಆದ್ಯತೆ ವರ್ಗಾಯಿಸುವ ಸೌಲಭ್ಯವನ್ನು ಆನ್ ಮಾಡುವ ಬದಲಾವಣೆ ಕಳಿಸಿದರು. ವಾಚ್‌ಡಾಗ್‌ನ, ಅಂದರೆ ಕೆಲಸ ತಡವಾದಾಗ ರೀಸೆಟ್ ಮಾಡುವ ಕಾವಲು ಟೈಮರಿನ, ಅವಧಿಯನ್ನು ಹಿಗ್ಗಿಸಿ ರೀಸೆಟ್ ಮರೆಸುವುದು ಅವರಿಗೂ ಸುಲಭದ ದಾರಿಯಾಗಿ ಕಾಣಬಹುದಿತ್ತು.

ಕೆಲವು ಸಾಧನಗಳಲ್ಲಿ ಸಮಯವೇ ಸಂದೇಶ. ಡಿಎಚ್‌ಟಿ22 ತೇವಾಂಶ ಸೆನ್ಸರ್ ತಂತಿಯನ್ನು 26ರಿಂದ 28 ಮೈಕ್ರೋಸೆಕೆಂಡ್ ಮೇಲಿಟ್ಟರೆ 0, 70 ಇಟ್ಟರೆ 1 ಎಂದರ್ಥ. ಹೀಗೆ 40 ಬಿಟ್. ಪ್ರೊಸೆಸರ್ ಲೂಪ್ ಸುತ್ತುತ್ತ ಇದನ್ನು ಅಳೆಯಲು ಹೊರಟರೆ ನಡುವೆ ಬಂದ ಯಾವ ಅಡ್ಡಿಯೂ ಒಂದು ಬಿಟ್ಟನ್ನು ತಿರುಚಬಹುದು. ಲಿನಕ್ಸ್ ಕರ್ನಲ್‌ನ ಡ್ರೈವರ್ ಲೂಪ್ ಬಿಟ್ಟು, ತಂತಿ ಏರಿ ಇಳಿದಾಗಲೆಲ್ಲ ಬರುವ ಇಂಟರಪ್ಟ್‌ಗೆ ಸಮಯದ ಗುರುತು ಹಾಕಿ ಆಮೇಲೆ ಬಿಡಿಸಿಕೊಳ್ಳುತ್ತದೆ. ಪ್ರತಿ ಬಿಟ್‌ಗೆ 1.25 ಮೈಕ್ರೋಸೆಕೆಂಡ್ ಮಾತ್ರ ಇರುವ ಡಬ್ಲ್ಯುಎಸ್2812 ಎಲ್‌ಇಡಿ ಸರಗಳಿಗೆ ಅದೂ ಸಾಲದು. ಅಲ್ಲಿ ಅಲೆಯ ರೂಪವನ್ನು ಮೊದಲೇ ಮೆಮೊರಿಯಲ್ಲಿ ಸಿದ್ಧಮಾಡಿ ಎಸ್‌ಪಿಐ ಅಥವಾ ಪಿಡಬ್ಲ್ಯುಎಂ ಘಟಕಕ್ಕೆ ಡಿಎಂಎ ಮೂಲಕ ಒಪ್ಪಿಸಬೇಕು. ತಾಳ ಹಿಡಿಯುವುದು ಹಾರ್ಡ್‌ವೇರಿನ ಕೆಲಸವಾದಾಗ ಸಾಫ್ಟ್‌ವೇರ್ ಅದಕ್ಕೆ ಅಡ್ಡ ಬರದಿದ್ದರೆ ಸಾಕು.

ಡೇಟಾಶೀಟೇ ಸುಳ್ಳು ಹೇಳಿದರೆ ಎಂಬ ಆತಂಕ ನಿರಾಧಾರವಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನ್ ಅಂಗಡಿಯಲ್ಲಾಗಲಿ ಇಂದು ಸಿಗುವ ಪರದೆಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್‌ಡಿ44780ಗೆ ಹೊಂದುವ ಬೇರೆ ತಯಾರಕರ ಚಿಪ್. ಡಿಎಸ್18ಬಿ20 ಹೆಸರಿನಲ್ಲಿ ನಕಲಿಗಳೂ ಧಾರಾಳ. ನಿಮ್ಮ ಕೈಯಲ್ಲಿರುವ ಚಿಪ್ಪಿನ ನಿಜವಾದ ಡೇಟಾಶೀಟ್ ಹುಡುಕಿ, ತಯಾರಕರು ಪ್ರಕಟಿಸಿದ ಎರಾಟಾ ಇದ್ದರೆ ಅದನ್ನು ಮೊದಲು ಓದಿ. ಎರಡೂ ಇಲ್ಲದಿದ್ದರೆ ಹಲವು ಚಿಪ್ಪುಗಳನ್ನು ಬಿಸಿಯಲ್ಲೂ ತಂಪಿನಲ್ಲೂ ಅಳೆದು, ಅತಿ ನಿಧಾನದ್ದರ ಮೇಲೆ ಧಾರಾಳ ಅಂತರ ಬಿಟ್ಟು, ಈ ಅಂಕಿ ಅಳತೆಯಿಂದ ಬಂದದ್ದು, ತಯಾರಕರ ಭರವಸೆಯಲ್ಲ ಎಂದು ಕೋಡಿನಲ್ಲೇ ಬರೆದಿಡಿ. ಸರಿಪಡಿಸಿದ ಮೇಲೆ, ದೋಷ ಬರಿಸಲು ಬಳಸಿದ್ದ ಅದೇ ಭಾರ, ಅದೇ ವೇಗ, ಅದೇ ಕೃತಕ ಡಿಲೇಗಳ ಕೆಳಗೆ ಮತ್ತೆ ಓಡಿಸಿ. ಎಲ್ಲವೂ ಬಿಡುವಾಗಿದ್ದಾಗ ಸರಿಯಾಗಿ ನಡೆದರೆ ಏನೂ ಸಾಬೀತಾಗುವುದಿಲ್ಲ. ನಿಮ್ಮ ಡ್ರೈವರಿನಲ್ಲಿ ಈಗಾಗಲೇ ಇರುವ ಡಿಲೇಗಳನ್ನು ಒಂದೊಂದಾಗಿ ತೆಗೆದು ನೋಡಿ, ಪ್ರತಿಯೊಂದರ ಪಕ್ಕದಲ್ಲಿ ಅದು ಕಾಯುವ ಘಟನೆಯನ್ನೂ ಡೇಟಾಶೀಟಿನ ಪುಟ ಸಂಖ್ಯೆಯನ್ನೂ ಬರೆಯಿರಿ. ಬರೆಯಲಾಗದ ಡಿಲೇ ಸಿಕ್ಕಿದ ಕಡೆಯಿಂದಲೇ ಹುಡುಕಾಟ ಶುರುಮಾಡಿ.